ಒಳಸುತ್ತು

ಮೊದಲು ನೀರು ಹಾಕಬೇಡಿ. ಎಲ್ಲರೂ ಎಡವುವುದು ಅಲ್ಲೇ.
ಬೂಷ್ಟು ಕಂಡದ್ದೇ ತಡ, ಬಕೆಟ್ಟು ಹುಡುಕುತ್ತಾರೆ.
ಒಣಗಲಿ ಮೊದಲು. ಅಂಗಳಕ್ಕೆ ತನ್ನಿ. ಮನೆಯೊಳಗೆ ಕೊಡವಿದರೆ
ಆ ಬೂದಿಬಣ್ಣದ ಪುಡಿ ಪರದೆಯಲ್ಲೂ ಹಾಸಿಗೆಯಲ್ಲೂ ಸಂಸಾರ ಹೂಡುತ್ತದೆ.

ಇಪ್ಪತ್ತೆರಡು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ
ನಾನು ತೂಬಾ, ಬಂದರ್ ಅಂಜಲಿಯಲ್ಲಿ ಗಂಬಳಿ ತೊಳೆಯುವವಳು.
ಒಂದು ಕಡೆ ಕ್ಯಾಸ್ಪಿಯನ್, ಇನ್ನೊಂದು ಕಡೆ ಜೊಂಡಿನ ಹಿನ್ನೀರು,
ಬೊಗಸೆ ತುಂಬ ನೀರು ಹಿಡಿದು ನಿಂತ ಊರು ನಮ್ಮದು.
ಇಲ್ಲಿ ಉಪ್ಪು ಡಬ್ಬಿಯಲ್ಲೇ ಅಳುತ್ತದೆ,
ಬೆಂಕಿಕಡ್ಡಿ ಮೂರು ಸಲ ಗೀರಿಸಿಕೊಳ್ಳುತ್ತದೆ.

ನೌರೋಜಿಗೆ ಹನ್ನೆರಡು ದಿನ ಇರುವಾಗ
ಅಗ್ದಸ್ ಖಾನುಂ ಒಂದು ರತ್ನಗಂಬಳಿ ಇಳಿಸಿದಳು,
ಸುತ್ತಿದ್ದು ಸುತ್ತಿದಂತೆ.
"ನನ್ನ ತಂಗಿ ಮಾಹ್‌ರೂ ಮಾಡಿದ ಕೆಲಸ ಇದು.
ಅಮ್ಮನ ನಲವತ್ತನೇ ದಿನ ಚಹಾ ಚೆಲ್ಲಿ
ಒಣಗಿಸದೆ ಸುತ್ತಿಟ್ಟು ಹೋದಳು. ಆರು ವರ್ಷ, ಮಾತಿಲ್ಲ.
ಬಿಲ್ಲು ಅವಳ ಹೆಸರಿಗೇ ಬರಿ."
ಬರೆದೆ. ನನಗೇನು.

ಯಾವರನೂ ನಾನೂ ಸೇರಿ ಬಿಚ್ಚಿದೆವು.
ಮುಗ್ಗಲು ವಾಸನೆ ಎದ್ದಿತು, ಹುಡುಗ ಮುಖ ತಿರುವಿದ.
ಮೊದಲ ಸುತ್ತಿನಲ್ಲಿ ಪರಾತದಷ್ಟು ಕಲೆ, ಹಸಿರುಗಪ್ಪು;
ಎರಡು ಮೊಳ ಬಿಟ್ಟು ಮತ್ತೆ ಅದೇ ಆಕಾರ, ತಟ್ಟೆಯಷ್ಟು;
ಆಮೇಲೆ ಸಾಸರಿನಷ್ಟು; ಆಮೇಲೆ ಒಂದು ಕಡಲೆಕಾಳು.
ಆಮೇಲೆ ಏನೂ ಇಲ್ಲ.
ಒಳಸುತ್ತು ಗರಿಗರಿ ಒಣಗಿತ್ತು. ನುಸಿಗೆಂದು ಇಟ್ಟ
ಹೊಗೆಸೊಪ್ಪು ಮುಟ್ಟಿದರೆ ಪುಡಿಯಾಯಿತು.
ಒಳತುದಿಯ ದಾಳಿಂಬೆಗೆಂಪಿನಲ್ಲಿ ಚಹಾದ ಕಲೆ ಇತ್ತು, ಹೌದು,
ಅಂಗೈಯಗಲ, ಕಂದು. ಅದರ ಮೇಲೆ ಬೂಷ್ಟಿನ ಒಂದೆಳೆಯೂ ಇಲ್ಲ.

ನೀರು ಹೊರಗಿನಿಂದ ಬಂದಿತ್ತು.
ಸುತ್ತಿದ ಕೈಯಿಂದಲ್ಲ, ಒರಗಿಸಿಟ್ಟ ಗೋಡೆಯಿಂದ.
ಗೋಡೆ ಯಾರದ್ದೆಂದು ಕೇಳಬೇಕಿರಲಿಲ್ಲ.

ಮೂರು ದಿನ ಮೋಡ. ನಾಲ್ಕನೆಯ ದಿನ ಬಿಸಿಲು ಬಿತ್ತು.
ಉಣ್ಣೆ ಮಲಗಿದ ದಿಕ್ಕಿಗೇ ಒಣ ಬ್ರಷ್ಷು ಎಳೆದೆವು.
ಒದ್ದೆ ಬಿಳಿಬಟ್ಟೆ ಮೂಲೆಗೊತ್ತಿ ಬಣ್ಣದ ನಿಯತ್ತು ನೋಡಿದೆ:
ನೀಲಿ ನಿಂತಿತು, ಕೆಂಪು ತುಸು ನಾಚಿತು.
ವಿನೆಗರ್ ಒಂದು ಪಾಲು, ನೀರು ನಾಲ್ಕು. ಮೇಲೆ ಬರೀ ತಣ್ಣೀರು.
ಯಾವರ್ ಉದ್ದಹಿಡಿಯ ಹಲಗೆಯಿಂದ ತಳ್ಳುತ್ತ ಹೋದ,
ಕಪ್ಪು ನೀರು, ಕಂದು ನೀರು,
ನೀರು.
ಹೊರಸುತ್ತಿನ ಒಂದು ಕಡೆ ಹಾಸು ಹೊಕ್ಕು ಎರಡೂ ಕೊಳೆತು
ಬೆರಳು ತೂರಿತು. ಅದಕ್ಕೆ ನನ್ನ ಬಳಿ ಮದ್ದಿಲ್ಲ.

ಫೋನು ಮಾಡಿದೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ:
ಕಲೆ ಎಲ್ಲಿ ದೊಡ್ಡದು, ಎಲ್ಲಿ ಸಣ್ಣದು, ಎಲ್ಲಿ ಇಲ್ಲ.
ಆ ಕಡೆ ನಲ್ಲಿ ಸುರಿಯುತ್ತಿತ್ತು. ನಿಂತಿತು.
"ಬಿಲ್ಲಿನ ಹೆಸರು..." ಎಂದಳು ಅಗ್ದಸ್. ಮುಂದೆ ಬರಲಿಲ್ಲ.

ನಾನೂ ಕಾಯಲಿಲ್ಲ. ಸಾಲಿನಲ್ಲಿ ಇನ್ನೂ ಒಂಬತ್ತು ಗಂಬಳಿ.
ಒಯ್ಯುವಾಗ ಇಬ್ಬರು ಬನ್ನಿ, ಎರಡೂ ತುದಿಗೆ ಕೈ ಬೇಕು, ಎಂದೆ.
ಭಾರದ ಮಾತು ಹೇಳಿದೆ, ಅಷ್ಟೆ.