ಐದನೆಯ ಪದ

ತ್ರಿಯೆಸ್ತೆಯಲ್ಲಿ ಆವತ್ತು ಬೋರಾ ಗಾಳಿ ಎದ್ದಿತ್ತು.
ಹಿಂದೆಲ್ಲ ಬೀದಿಬದಿಗೆ ಹಗ್ಗ ಕಟ್ಟುತ್ತಿದ್ದರಂತೆ,
ಜನ ಹಿಡಿದು ನಡೆಯಲೆಂದು.
ನನ್ನ ಕೈಗೆ ಸಿಕ್ಕಿದ್ದು ಬಗಲಿನ ಪ್ರಶ್ನಾವಳಿ ಒಂದೇ.

ನಾಲ್ಕನೆಯ ಮಹಡಿ. ನೆರೀನಾ ವಾಸ್ಕೊತ್ತೊ, ಎಂಬತ್ಮೂರು.
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ
ಊರಿನ ಬಾಯಿಗೆ ಊರಿನ ಕಿವಿ ಜೋಡಿಸಿದವಳು.
"ಬೂಟು ಒರೆಸು" ಅಂದಳು. ಒರೆಸಿದೆ.
"ಇನ್ನೊಮ್ಮೆ."

ಮೊದಲು ಸ್ವಭಾವದ ಪುಟ.
ಬೇಗ ರೇಗುತ್ತೀರಾ?
"ಇದೆಂಥ ಪ್ರಶ್ನೆ!" ಎಂದು ರೇಗಿದಳು. ಗುರುತು ಹಾಕಿಕೊಂಡೆ.
ಜೊತೆಯಿಲ್ಲ ಅನ್ನಿಸುವುದುಂಟೇ: ಎಂದೂ ಇಲ್ಲ, ಆಗಾಗ, ಯಾವಾಗಲೂ?
"ಬೆಕ್ಕನ್ನು ಕೇಳು."
ಬೆಕ್ಕು ಇರಲಿಲ್ಲ. ಬಟ್ಟಲೊಂದಿತ್ತು,
ತೊಳೆದು ಬೋರಲು ಹಾಕಿದ್ದು.
ಅದಕ್ಕೆ ನನ್ನ ಹಾಳೆಯಲ್ಲಿ ಚೌಕವಿರಲಿಲ್ಲ.

ಮೊದಲ ಮಹಡಿಯ ಲೀವಿಯೊ ನೆನಪಾದ, ಬೆಳಿಗ್ಗೆ ನೋಡಿದ್ದೆ.
ನಲವತ್ತು ವರ್ಷದಿಂದ ಒಬ್ಬನೇ,
ಹಡಗಿನ ಗಂಟು ಹಾಕುತ್ತ, ಬಿಚ್ಚುತ್ತ.
ಜೊತೆಯೇ, ಯಾತಕ್ಕೆ? ಎಂದು ನನ್ನನ್ನೇ ಕೇಳಿದವ
ನಾನು ಹೊರಟಾಗ ಕದ ಹಾಕಿದ್ದು ಎಷ್ಟು ಹಗುರಾಗಿ!
ಒಬ್ಬನೇ ಇರುವುದಕ್ಕೂ ಒಂಟಿಯಾಗುವುದಕ್ಕೂ ನಡುವೆ
ಮೂರು ಮಹಡಿ ಮೆಟ್ಟಿಲು.

ಆಮೇಲೆ ಐದು ಪದ.
ಉಪ್ಪು, ಏಣಿ, ಮಖಮಲ್ಲು, ಸೇತುವೆ, ಗುಬ್ಬಿ.
ನೆನಪಿರಲಿ, ಮತ್ತೆ ಕೇಳುತ್ತೇನೆ.
ಗಡಿಯಾರ ಬರೆದಳು; ಮುಳ್ಳು ಸರಿ.
ನೂರರಿಂದ ಏಳೇಳು ಕಳೆದಳು
ಸಾಲ ವಸೂಲಿಯ ದನಿಯಲ್ಲಿ.
ಈಗ ಹೇಳಿ. ಉಪ್ಪು. ಏಣಿ. ಮಖಮಲ್ಲು. ಸೇತುವೆ.
ಐದನೆಯದು?
ಕಿಟಕಿಯ ಗಾಜು ಗಡಗಡ ಅಂದಿತು.
"ಬರುತ್ತಿಲ್ಲ. ಬರದಿದ್ದರೆ ಏನು ಮಾಡುತ್ತಾರೆ?"
ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷೆ.
"ನೀನೇ ಬರುತ್ತೀಯಾ?"
ನಾನೇ.
"ಹಾಗಾದರೆ ಬರುತ್ತಿಲ್ಲ ಅಂತ ಬರಕೊ."

ಬರೆದುಕೊಂಡೆ. ಐದಕ್ಕೆ ನಾಲ್ಕು.
ಮೆಟ್ಟಿಲಿಳಿಯುವಾಗ ಮೇಲಿನಿಂದ ಕೇಳಿತು,
ಯಾರೋ ಬಾಯೊಳಗೇ ಚಿಲಿಪಿಲಿ ಅಂದ ಹಾಗೆ.

ಮುಂದಿನ ತಿಂಗಳು ಗಾಳಿಯಿರಲಿಲ್ಲ.
ಮೇಜಿನ ಮೇಲೆ ಎರಡು ಕಪ್ಪು.
ಬೂಟು ಒರೆಸೆಂದು ಹೇಳಲೇ ಇಲ್ಲ;
ನಾನೇ ಒರೆಸಿದೆ, ಎರಡು ಸಲ.
ಕೇಳುವ ಮೊದಲೇ "ಗುಬ್ಬಿ" ಅಂದಳು,
ಕಡ ತಂದದ್ದು ಮರಳಿಸುವ ಹಾಗೆ.
ಉಳಿದದ್ದು?
ನಕ್ಕಳು. ನಗು ಅಲ್ಲೇ ನಿಂತಿತು.
ಬಲಗೈ ಎದ್ದು ಗಾಳಿಯಲ್ಲಿ
ಯಾವುದೋ ತಂತಿ ಹಿಡಿದು
ಯಾವುದೋ ತೂತು ಹುಡುಕಿತು,
ಇದಲ್ಲ, ಇದೂ ಅಲ್ಲ.
"ಲೈನಿನಲ್ಲೇ ಇರಿ" ಅಂದಳು,
ರೇಗದೆ, ಮೂವತ್ತೊಂದು ವರ್ಷದ ಆ ದನಿಯಲ್ಲಿ,
ಮೊದಲ ಸಲ ನನಗೆ ಬಹುವಚನ ಕೊಟ್ಟು.

ಪೆನ್ನಿಗೆ ಮುಚ್ಚಳ ಹಾಕಿದೆ.
ಇದ್ದೇನೆ, ಅಂದೆ.