ಇಪ್ಪತ್ತನಾಲ್ಕು ಗಂಟೆಯ ನೆನಪು

ಸಮುದಾಯ ವೈದ್ಯಕೀಯದ ಮೇಡಂ ಒಂದೊಂದು ಹಾಳೆ ಹಂಚಿದರು.
ನಿನ್ನೆ ಈ ಹೊತ್ತಿನಿಂದ ಇವತ್ತು ಈ ಹೊತ್ತಿನವರೆಗೆ
ಬಾಯಿಗೆ ಹೋದದ್ದೆಲ್ಲ ಬರೆಯಬೇಕು, ಗ್ರಾಂ ಲೆಕ್ಕದಲ್ಲಿ.
ಜೋಡಿಯಾಗಿ ಕೂತು ಒಬ್ಬರನ್ನೊಬ್ಬರು ಕೇಳಿ.
ಕೇಳುವವರ ಮುಖದಲ್ಲಿ ತೀರ್ಪು ಕಾಣಿಸಬಾರದು, ಅಂದರು.

ನನ್ನ ಪಾಲಿಗೆ ತಸಾಬೀಹ್. ಓಮ್ದುರ್ಮಾನಿನವಳು,
ನನ್ನ ಕೋಣೆಯವಳೇ. ಪೆನ್ನಿನ ಮುಚ್ಚಳ ಕಚ್ಚಿಕೊಂಡು
ಗುರುತೇ ಇಲ್ಲದವಳ ಹಾಗೆ ಕೇಳಿದಳು: ಬೆಳಗಿನ ತಿಂಡಿ?

ಕರಕ್ ಚಾ, ಅಂದೆ. ಕಾಗದದ ಲೋಟ, ಸಕ್ಕರೆ ಸಾಕಷ್ಟು.
ಅಜ್ಮಾನಿನ ಆ ತಿರುವಿನ ಅಂಗಡಿಯಲ್ಲಿ
ಎಲ್ಲರೂ ಕಾರಿನಲ್ಲೇ ಕೂತು ಹಾರ್ನ್ ಹೊಡೆದು ಚಾ ತರಿಸುತ್ತಾರೆ.
ನಡೆದು ಹೋಗುವವರು ನಾವಿಬ್ಬರೇ;
ಹಾರ್ನ್ ಇಲ್ಲದವರ ಸರದಿ ಕೊನೆಗೆ.
ಅದು ತಿಂಡಿ ಅಲ್ಲ, ಪಾನೀಯ, ಅಂದು
ಕಾಲಮ್ಮಿಗೆ ಅಡ್ಡ ಗೆರೆ ಎಳೆದಳು.

ಹತ್ತೂವರೆಗೆ ಪೆಥಾಲಜಿ.
ಗಾಜಿನ ಜಾಡಿಯಲ್ಲಿ ಕೊಬ್ಬೇರಿದ ಯಕೃತ್ತು, ಬೆಣ್ಣೆ ಬಣ್ಣ.
ಮೊದಲ ವರ್ಷ ಫಾರ್ಮಲಿನ್ ವಾಸನೆಗೆ ಎರಡು ವಾರ ಊಟ ಬಿಟ್ಟವಳಿಗೆ
ಈಗ ಆ ಜಾಡಿ ನೋಡಿದರೆ ಹಸಿವಾಗುತ್ತದೆ.
ಇದನ್ನು ಬರೆಯಲಾ?
ಬೇಡ ಮಾರಾಯ್ತಿ.

ಮಧ್ಯಾಹ್ನ ಪರೋಟ. ಒಳಗೆ ಚೀಸು,
ಮುಷ್ಟಿಯಲ್ಲಿ ಪುಡಿ ಮಾಡಿ ಉದುರಿಸಿದ ಖಾರದ ಚಿಪ್ಸು.
ಮೂರು ಮಹಡಿ ಮೆಟ್ಟಿಲು ಹತ್ತುತ್ತ ತಿಂದದ್ದರ
ತೂಕ ಎಷ್ಟೆಂದು ಹೇಳಲಿ?
ಸಂಜೆ ಲೈಬ್ರರಿಯ ಯಂತ್ರಕ್ಕೆ ನಾಣ್ಯ ಹಾಕಿದರೆ ಬೀಳುವ ಡಬ್ಬಿ,
ಎದೆ ಡವಗುಟ್ಟಿಸುವ ಆ ಕೆಂಪು ಪಾನೀಯ, ಒಂದೂವರೆ.
ಅರ್ಧ ಯಾಕೆ? ಇನ್ನರ್ಧ ಔಷಧಶಾಸ್ತ್ರದ ಪುಸ್ತಕ ಕುಡಿಯಿತು.

ರಾತ್ರಿ ಎರಡು ಗಂಟೆಗೆ, ಅಂದೆ, ನಿನಗೇ ಗೊತ್ತಲ್ಲ.
ಹೇಳು, ಅಂದಳು. ನಾನು ಕೇಳುವವಳು.

ಶಾರ್ಜಾದಿಂದ ಅಮ್ಮ ಕಳಿಸುವ ಒಣ ಸಿಗಡಿ ಚಟ್ನಿ,
ಹಾರ್ಲಿಕ್ಸ್ ಬಾಟಲಿಯಲ್ಲಿ, ಬಾಯಿಗೆ ಎರಡು ಪ್ಲಾಸ್ಟಿಕ್ ಚೀಲ ಬಿಗಿದು.
ಕೋಣೆಯಲ್ಲಿ ತೆರೆಯುವಂತಿಲ್ಲ, ವಾರ್ಡನ್ ಚೀಟಿ ಅಂಟಿಸಿದ್ದಾಳೆ.
ತಾರಸಿಯ ಮೇಲೆ, ಎಸಿ ಯಂತ್ರಗಳ ಬಿಸಿಯುಸಿರಿನ ನಡುವೆ
ಖುಬೂಸಿನಲ್ಲಿ ಸುತ್ತಿ ತಿನ್ನುವುದು.
ಮೊದಲ ಸಲ ಮುಚ್ಚಳ ತೆಗೆದಾಗ ನಾನು ಕ್ಷಮೆ ಕೇಳಿದ್ದೆ.
ಇವಳು ಮೂಗರಳಿಸಿ, ಕಣ್ಣು ಮುಚ್ಚಿ
ಫಸೀಖ್! ಅಂದಿದ್ದಳು. ಅವಳ ಊರಲ್ಲಿ
ನೈಲ್ ನದಿಯ ಮೀನನ್ನು ಉಪ್ಪಲ್ಲಿ ಹುದುಗಿಸಿಡುತ್ತಾರಂತೆ,
ಅಕ್ಕಪಕ್ಕದವರೆಲ್ಲ ಬೈಯುವಷ್ಟು ದಿನ.

ಅವಳು ಬರೆದದ್ದು: ಸಾಗರೋತ್ಪನ್ನ, ಒಣ, ಎರಡು ಚಮಚ.

ಈಗ ಪೆನ್ನು ನನ್ನ ಕೈಗೆ.
ಬೆಳಗಿನ ತಿಂಡಿ?
ಉಪವಾಸ, ಅಂದಳು.
ಸೋಮವಾರ ಗುರುವಾರ ಹಿಡಿಯುವವಳು. ನಿನ್ನೆ ಮಂಗಳವಾರ.
ಮಧ್ಯಾಹ್ನ?
ಉಪವಾಸವಿದ್ದವರನ್ನು ಮಧ್ಯಾಹ್ನದ್ದು ಕೇಳುತ್ತಾರಾ, ಅಂದು ನಕ್ಕಳು.
ಸಂಜೆ ಖರ್ಜೂರ ಮೂರು, ನೀರು.
ರಾತ್ರಿ ನಿನ್ನ ಜೊತೆ.
ನಿನ್ನೆಯ ತಾರಸಿಯನ್ನು ಮತ್ತೆ ಎಣಿಸಿದೆ:
ಅವಳು ಎರಡು ತುತ್ತು, ಉಳಿದದ್ದೆಲ್ಲ ನಾನು.
ಮೊನ್ನೆ? ಆಚೆ ಮೊನ್ನೆ? ಹಾಳೆ ಅದನ್ನು ಕೇಳುವುದಿಲ್ಲ.
ದುಡ್ಡು ಬರುತ್ತಿದ್ದ ಬ್ಯಾಂಕೇ ಸುಟ್ಟುಹೋಯಿತು ಅಂತ
ಏಪ್ರಿಲ್‌ನಲ್ಲಿ ನಗುತ್ತ ಹೇಳಿದ್ದಳು.
ನಾನೂ ನಕ್ಕಿದ್ದೆ.

ಮುಖದಲ್ಲಿ ತೀರ್ಪು ಕಾಣಿಸಬಾರದು.
ತಲೆ ತಗ್ಗಿಸಿ ಬರೆಯತೊಡಗಿದೆ:
ಬ್ರೆಡ್ಡು ಎರಡು, ಬೇಯಿಸಿದ ಮೊಟ್ಟೆ ಒಂದು,
ಅನ್ನ ಇನ್ನೂರು ಗ್ರಾಂ, ದಾಲ್, ಮೊಸರು ಒಂದು ಬಟ್ಟಲು,
ಕಿತ್ತಳೆ ಹಣ್ಣು ಒಂದು.
ಎದುರಿಂದ ತಲೆಕೆಳಗಾಗಿ ಓದುತ್ತಿದ್ದವಳು
ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ
ಕಿತ್ತಳೆ ಬೇಡ, ಮಾವು ಬರಿ, ಅಂದಳು.
ನಮ್ಮ ಅಂಗಳದ್ದು.
ಎಷ್ಟು ಗ್ರಾಂ?
ದೊಡ್ಡದು.

ಮುಂದಿನ ವಾರ ಮೇಡಂ ಅವಳ ಹಾಳೆಯನ್ನು ತರಗತಿಗೆ ಓದಿ ತೋರಿಸಿದರು,
ನೋಡಿ, ಊಟ ಅಂದರೆ ಹೀಗಿರಬೇಕು.
ನನ್ನದರ ಮೇಲೆ ಕೆಂಪು ಶಾಯಿ: ಬಂದು ಕಾಣತಕ್ಕದ್ದು.

ಸಂಜೆ ಅಮ್ಮನಿಗೆ ಫೋನು ಮಾಡಿ
ಈ ಸಲ ಬಾಟಲಿ ಎರಡು ಇರಲಿ, ಅಂದೆ.
ಇಷ್ಟು ಬೇಗ ಖಾಲಿಯಾ?
ಅಷ್ಟು ಖಾರ ತಿಂದರೆ ಹೊಟ್ಟೆ ಹುಣ್ಣಾದೀತು ಹೆಣ್ಣೇ,
ನಾಳೆ ಡಾಕ್ಟರಾಗುವವಳು, ನಿನಗೆ ನಾನು ಹೇಳಬೇಕಾ.