ಷರಾ

ಮಂಡ್ಯದ ಕೋರ್ಟಿನೆದುರು, ಹೊಂಗೆಮರದ ಕೆಳಗೆ
ಇಪ್ಪತ್ತಾರು ವರ್ಷ ಕ್ರಯಪತ್ರ, ಭೋಗ್ಯಪತ್ರ,
ಪಾಲುಪಾರೀಕತ್ತು ಕುಟ್ಟಿದ ಬೆರಳು ಇವು.
ಪೂರ್ವಕ್ಕೆ ಬೋರಯ್ಯನ ಗದ್ದೆ, ಪಶ್ಚಿಮಕ್ಕೆ ಕಾಲುವೆ,
ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ತಕರಾರು.
ಹೆಬ್ಬೆಟ್ಟು ಚಾಚಿದವರಿಗೆಲ್ಲ ಹೇಳಿದ್ದೇನೆ:
ಮಸಿ ಒಣಗಿದ್ರೆ ಒಣಗ್ಲಿ, ತಡೀರಿ,
ಓದಿ ಹೇಳ್ತೀನಿ, ಕೇಳಿಸ್ಕೊಂಡು ಒತ್ತಿ.

ತಂಗಿ ಮಗ ಹೊಸ ಲ್ಯಾಪ್‌ಟಾಪು ಬಿಚ್ಚಿದ ದಿನ
ಪಕ್ಕದಲ್ಲೇ ಕೂತಿದ್ದೆ.
ಪರದೆ ತುಂಬ ಕರಾರು, ಇರುವೆಸಾಲಿನಂಥ ಅಕ್ಷರ,
ಎಳೆದಷ್ಟೂ ಕೆಳಗೆ ಇನ್ನೂ ಇದೆ.
ಕಣ್ಣು ಮಿಟುಕಿಸುವಷ್ಟರಲ್ಲಿ ಒತ್ತೇಬಿಟ್ಟ: ಒಪ್ಪಿದೆ.
"ಏನೋ ಬರ್ದಿತ್ತು ಅದ್ರಲ್ಲಿ?"
"ಯಾರ್ ಓದ್ತಾರೆ ದೊಡ್ಡಮ್ಮ, ಎಲ್ರೂ ಒತ್ತೋದೆ."
ಹೆಸರು ಮಾತ್ರ ಲಿಖಿತ್.

ರಿಬ್ಬನ್ನು ಸಿಗದ ಕಾಲ ಬಂದು ನನಗೂ ಒಂದು ಬೇಕಾಯಿತು.
ಬೆಳಗಿನ ಪ್ಯಾಸೆಂಜರು ಹಿಡಿದು ಮೈಸೂರು,
ಧನ್ವಂತರಿ ರಸ್ತೆ, ಮಹಡಿ ಮೇಲಿನ ಅಂಗಡಿ.
"ಒಳಗೇನೂ ಹಾಕದೇ ಇರೋದು ಕೊಡಿ" ಅಂದೆ.
ಮುದಸ್ಸಿರ್ ನಕ್ಕರು.
"ಎಂಜಿನ್ ಇಲ್ದೆ ಕಾರ್ ಕೇಳಿದಂಗಾಯ್ತು ಮೇಡಂ."
"ಇಲ್ಲಪ್ಪ, ಬಾಡಿಗೆದಾರನ ಸಮೇತ ಮನೆ ಕೊಳ್ಳೋಕೆ ಇಷ್ಟವಿಲ್ಲ.
ನನಗೆ ಖಾಲಿ ಸ್ವಾಧೀನ ಬೇಕು."

ಹುಡುಗ ಅಟ್ಟ ಹತ್ತಿದ. ಸೀನಿದ. ಒಂದೇ ಒಂದು ಪೆಟ್ಟಿಗೆ,
ಎರಡು ದೀಪಾವಳಿ ಧೂಳು ಕಂಡದ್ದು.
ಆರೂವರೆ ಸಾವಿರ ಕಡಿಮೆ.
ಬಿಲ್ಲಿನ ಷರಾ ಕಾಲಂ ಹಾಗೇ ಬಿಟ್ಟಿದ್ದರು.
ಬಿಟ್ಟ ಜಾಗದಲ್ಲಿ ಆಮೇಲೆ ಯಾರು ಏನು ಬರೆಯುತ್ತಾರೆಂದು
ನನಗೆ ಗೊತ್ತು, ಎರಡು ಸಲ ಸಾಕ್ಷಿಕಟ್ಟೆ ಹತ್ತಿದ್ದೇನೆ.
ನಿಂತು ಬರೆಸಿದೆ: ಒಳಗೆ ಏನೂ ಇಲ್ಲ.

ಮನೆಯಲ್ಲಿ ಗುಂಡಿ ಒತ್ತಿದರೆ ಫ್ಯಾನು ಉಸ್ಸೆಂದಿತು.
ಕಪ್ಪು. ಮೂಲೆಯಲ್ಲೊಂದು ಬಿಳಿ ಗೆರೆ,
ಹತ್ತುತ್ತಾ, ಆರುತ್ತಾ.
ಪಕ್ಕದ ಮನೆ ಸಾಕಮ್ಮ ಇಣುಕಿದಳು:
"ಟೋಪಿ ಹಾಕವ್ರೆ ಕಣಕ್ಕ, ವಾಪಸ್ ಕೊಟ್ಬುಡು."
ಆರಿಸಲಿಲ್ಲ ನಾನು. ಹೆಸರು ಕೇಳದ, ಊರು ಕೇಳದ,
ಸೀರೆ, ಸೈಟು, ಸಾಲ ಯಾವುದನ್ನೂ ತೋರಿಸದ ಆ ಕಪ್ಪನ್ನು
ಎದುರಿಗಿಟ್ಟುಕೊಂಡು ಮುದ್ದೆ ಉಂಡೆ.

ಭಾನುವಾರ ಪಾಲಿಟೆಕ್ನಿಕ್ಕಿನ ತೇಜಾವತಿ
ಉಗುರಿನಷ್ಟು ಪೆನ್‌ಡ್ರೈವ್ ತಂದಳು.
ಇದು ಪುಕ್ಕಟೆ, ಯಾರು ಬೇಕಾದರೂ ಹಾಕಿಕೊಳ್ಳಬಹುದು ಎಂದಳು.
"ಕರಾರು ಎಲ್ಲಮ್ಮ?"
"ಇದಕ್ಕೂ ಇದೆ, ಆದ್ರೆ ಯಾರೂ ಕೇಳಿದ್ದಿಲ್ಲ."
ಅವಳ ಫೋನಿನಲ್ಲೇ ತೆರೆದುಕೊಟ್ಟಳು.
ತೊಡೆ ಮೇಲೆ ನಿಘಂಟು, ಮೂಗಿನ ಮೇಲೆ ಕನ್ನಡಕ,
ಮೂರು ಗಂಟೆ ಓದಿದೆ.
ಅವಳು ಉಂಡೆಬೆಲ್ಲ ಕಡಿದಳು, ಆಕಳಿಸಿದಳು,
ಗೋಡೆಗೊರಗಿ ಒಂದು ನಿದ್ದೆಯನ್ನೂ ತೆಗೆದಳು.

ಬಿಚ್ಚಿ ನೋಡು. ತಿದ್ದು. ಹಂಚು.
ಹಂಚುವಾಗ ಮುಂದಿನವರಿಗೂ ಹೀಗೇ ಬಿಚ್ಚಿಕೊಡು.
ಕೆಟ್ಟರೆ ನಾವು ಹೊಣೆಯಲ್ಲ.
ಈ ಕಡೆಯ ಮಾತು ಮಾತ್ರ
ನಮ್ಮ ಹೊಂಗೆಮರದ ಕೆಳಗಿನದೇ ಅನ್ನಿಸಿತು.

"ಆಯ್ತು. ಒಪ್ಪಿದೆ ಅನ್ನೋ ಗುಂಡಿ ಎಲ್ಲಿ?"
"ಇದರಲ್ಲಿ ಅದು ಇಲ್ಲ ಮೇಡಂ, ಮುಂದೆ ಅಂತ ಮಾತ್ರ ಇದೆ."
ನನಗೇಕೋ ಸಮಾಧಾನವಾಗಲಿಲ್ಲ.
ತೋರುಬೆರಳು ಮಡಚಿ, ಹೆಬ್ಬೆಟ್ಟು ಇಳಿಸಿ ಒತ್ತಿದೆ.
ತೇಜಾವತಿ ನಕ್ಕಳು, ನಾನು ನಗಲಿಲ್ಲ.

ಹದಿನೈದು ದಿನವಾಯಿತು. ಪ್ರಿಂಟರಿಗೆ ಇದರ ಗುರುತು ಹತ್ತಿಲ್ಲ.
ಸ್ಪೀಕರಿನಿಂದ ದನಿಯೂ ಹೊರಟಿಲ್ಲ.
ಬರುವ ಭಾನುವಾರ ನೋಡೋಣ ಎಂದಿದ್ದಾಳೆ.
ಅಲ್ಲಿಯವರೆಗೆ ಕೀಲಿಗಳ ಟಿಕ್ ಟಿಕ್ ಇದೆ,
ಪೂರ್ವಕ್ಕೆ ಯಾರದೋ ಗದ್ದೆ, ಪಶ್ಚಿಮಕ್ಕೆ ಕಾಲುವೆ.